ಮೀನುತೊಟ್ಟಿಯ ನೀರೂ ಅಮೋನಿಯಾ ಪರೀಕ್ಷೆಯೂ

ನಮ್ಮ ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಕಿಟಕಿಯ ಬಳಿ ಇಟ್ಟಿರುವ ಗಾಜಿನ ಮೀನುತೊಟ್ಟಿಯನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಅವರಲ್ಲಿ ಕೆಲವರು ಈಗ ತಮ್ಮ ಮನೆಗಳಲ್ಲಿಯೂ ಮಕ್ಕಳ ಸಂತೋಷಾರ್ಥವಾಗಿ ಇಂಥ ತೊಟ್ಟಿಗಳನ್ನು ಇಟ್ಟುಕೊಂಡಿರುತ್ತಾರೆ. ಆದಕಾರಣ 2018ನೆಯ ಇಸವಿಯ ಜೂನ್ ತಿಂಗಳಲ್ಲಿ ನಮ್ಮಿಂದ ನಡೆದ ಒಂದು ತಪ್ಪನ್ನೂ ಅದರಿಂದ ನಾವು ಕಲಿತ ಪಾಠವನ್ನೂ ಇಲ್ಲಿ ವಿವರಿಸುವದು ಉಚಿತವೆಂದು ಎಣಿಸುತ್ತೇವೆ.

ರಜೆ ಮುಗಿದು ಶಾಲೆ ತೆರೆದಾಗ ತೊಟ್ಟಿಯ ನೀರು ಮಂಕಾಗಿತ್ತು. ನಾವು ಅರ್ಧ ನೀರನ್ನು ತೆಗೆದು, ನಲ್ಲಿಯ ನೀರನ್ನು ತುಂಬಿ, ಅಂಗಡಿಗಳಲ್ಲಿ ವಾಟರ್ ಕಂಡಿಷನರ್ ಎಂಬ ಹೆಸರಿನಿಂದ ಮಾರುವ ದ್ರಾವಣವನ್ನು ಹಾಕಿದೆವು. ಅದು ಅಮೋನಿಯಾವನ್ನೂ ನಿರ್ವಿಷಗೊಳಿಸುವದೆಂದು ಸೀಸೆಯ ಮೇಲೆ ಬರೆದಿತ್ತು. ಬಳಿಕ ಪರೀಕ್ಷಿಸಲಾಗಿ ನಳಿಗೆಯೊಳಗಿನ ನೀರು ಹಸುರಾಯಿತು. ಅಂದರೆ ಅಮೋನಿಯಾ ಇದ್ದೇ ಇತ್ತು. ದ್ರಾವಣವು ಕೆಲಸಮಾಡಲಿಲ್ಲವೆಂದು ಬಗೆದು, ಉಳಿದ ನೀರನ್ನೂ ಚೆಲ್ಲಿ, ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆದೆವು. ವಾರದೊಳಗಾಗಿ ಮೀನುಗಳಲ್ಲಿ ಹೆಚ್ಚಿನವು ಸತ್ತವು. ಪ್ರತಿದಿನವೂ ಅವುಗಳಿಗೆ ಆಹಾರ ಹಾಕುತ್ತಿದ್ದ ಚಿಕ್ಕ ಹುಡುಗಿಯರು ಬಹಳವಾಗಿ ಅತ್ತರು.

ಹೀಗಾಗಲು ಕಾರಣವೇನು? ಮೀನುಗಳು ತಮ್ಮ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಗೆಡಹುತ್ತವೆ. ತಿನ್ನದೆ ಉಳಿದ ಆಹಾರವು ಕೊಳೆತಾಗಲೂ ಅದು ಹುಟ್ಟುತ್ತದೆ. ಸ್ಪಂಜಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟನ್ನಾಗಿಯೂ ತರುವಾಯ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ನಲ್ಲಿಯ ನೀರಿನಲ್ಲಿರುವ ಕ್ಲೋರೀನು ಈ ಜೀವಿಗಳನ್ನು ಕೊಲ್ಲುತ್ತದೆ. ಹೀಗೆ ನಾವು ಶುಚಿಮಾಡುವೆವೆಂದು ಹೋಗಿ ಮೀನುಗಳ ರಕ್ಷಕರನ್ನೇ ನಾಶಮಾಡಿದೆವು.

ಆ ಹಸುರು ಬಣ್ಣವನ್ನಾದರೋ ನಾವು ಸರಿಯಾಗಿ ತಿಳುಕೊಳ್ಳಲಿಲ್ಲ. ನೀರಿನಲ್ಲಿ ಅಮೋನಿಯಾವು ಎರಡು ರೂಪಗಳಲ್ಲಿ ಇರುತ್ತದೆ. ಬಿಡಿ ಅಮೋನಿಯಾವು ಮೀನಿಗೆ ಕಡುವಿಷ. ಅಮೋನಿಯಂ ಎಂಬ ರೂಪವು ಅಷ್ಟು ಅಪಾಯಕರವಲ್ಲ. 25 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ನೀರಿನ ಪಿಎಚ್ 7 ಆಗಿದ್ದರೆ ಬಿಡಿ ಅಮೋನಿಯಾವು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ; ಪಿಎಚ್ 8 ಆದರೆ ಸುಮಾರು 5 ಪಾಲು; 9 ಆದರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು.

ದ್ರಾವಣಗಳಲ್ಲಿಯೂ ಭೇದವುಂಟು. ಬರೇ ಸೋಡಿಯಂ ಥಯೋಸಲ್ಫೇಟ್ ಇರುವವು ಕ್ಲೋರೀನನ್ನು ತೆಗೆಯುತ್ತವೆಯೇ ಹೊರತು ಅಮೋನಿಯಾವನ್ನು ಮುಟ್ಟುವದಿಲ್ಲ. ಹೊರನಾಡುಗಳಲ್ಲಿರುವ ನಮ್ಮ ವಿದ್ಯಾರ್ಥಿನಿಯರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಯಾಕಂದರೆ ಸಾನ್ ಫ್ರಾನ್ಸಿಸ್ಕೋ ಮುಂತಾದ ಪಟ್ಟಣಗಳಲ್ಲಿ ಕ್ಲೋರೀನಿಗೆ ಅಮೋನಿಯಾವನ್ನು ಕೂಡಿಸಿ ಕ್ಲೋರಮೀನನ್ನು ನೀರಿಗೆ ಬೆರಸುತ್ತಾರೆ. ಸಾನ್ ಫ್ರಾನ್ಸಿಸ್ಕೋವಿನಲ್ಲಿ ಈ ಪದ್ಧತಿಯು 2004ರಲ್ಲಿ ಬಂತು. ಅಲ್ಲಿ ಥಯೋಸಲ್ಫೇಟನ್ನು ಹಾಕಿದರೆ ಕ್ಲೋರೀನು ಹೋಗಿ ಅಮೋನಿಯಾವು ಉಳಿಯುತ್ತದೆ. ಬೇರೆ ಕೆಲವು ದ್ರಾವಣಗಳು ಅಮೋನಿಯಾವನ್ನು ಮತ್ತೊಂದು ಸಂಯುಕ್ತವಾಗಿ ಕಟ್ಟಿಹಾಕುವದಕ್ಕಾಗಿ ಮಾಡಲ್ಪಟ್ಟಿವೆ. ಆದರೂ ಹೀಗೆ ಕಟ್ಟಲ್ಪಟ್ಟದ್ದು ನೀರನ್ನು ಬಿಟ್ಟು ಹೋಗುವದಿಲ್ಲ.

ನಾವು ಮಾಡಿದ್ದು ಸ್ಯಾಲಿಸಿಲೇಟ್ ಪರೀಕ್ಷೆ. ಅದರ ದ್ರವಗಳು ನಳಿಗೆಯ ನೀರನ್ನು ತೀವ್ರ ಕ್ಷಾರವಾಗಿ ಮಾಡುವದರಿಂದ ಅಮೋನಿಯಂ ಆಗಿರುವದೂ ಕಟ್ಟಲ್ಪಟ್ಟಿರುವದೂ ಬಿಡಿಯಾಗಿರುವದೂ ಒಂದಾಗಿ ಲೆಕ್ಕಕ್ಕೆ ಬರುತ್ತವೆ. ಹಸುರು ಬಣ್ಣವು ಒಟ್ಟು ಮೊತ್ತವನ್ನು ಹೇಳಿತು. ಅದರಲ್ಲಿ ವಿಷವೆಷ್ಟೆಂಬದನ್ನು ಹೇಳಲಿಲ್ಲ. ಹಳದಿಯಿಂದ ಕಂದಾಗುವ ನೆಸ್ಲರ್ ಪರೀಕ್ಷೆಯಲ್ಲಿಯಾದರೋ ಇಂಥ ದ್ರಾವಣಗಳು ಸುಳ್ಳು ಬಣ್ಣವನ್ನು ಹುಟ್ಟಿಸಬಲ್ಲವು. ಅಲ್ಲದೆ ಅದರಲ್ಲಿ ಪಾದರಸವಿರುವದರಿಂದ ಅದನ್ನು ಮಕ್ಕಳ ಕೈಗೆ ಕೊಡಲೂ ಬಾರದು, ಚರಂಡಿಗೆ ಚೆಲ್ಲಲೂ ಬಾರದು.

ಈಗ ನಾವು ಅನುಸರಿಸುವ ಕ್ರಮವೇನಂದರೆ: ದ್ರಾವಣ ಹಾಕುವ ಮೊದಲು ನಲ್ಲಿಯ ನೀರನ್ನೂ ತೊಟ್ಟಿಯ ನೀರನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತೇವೆ. ಪಿಎಚ್ಚನ್ನೂ ನೋಡುತ್ತೇವೆ. ದ್ರಾವಣವನ್ನು ಸೀಸೆಯ ಮೇಲೆ ಹೇಳಿದಷ್ಟೇ ಅಳೆದು ಹಾಕುತ್ತೇವೆ. ಮಾರನೆಯ ದಿನವೂ ಅದರ ಮರುದಿನವೂ ಅದೇ ಗಳಿಗೆಯಲ್ಲಿ ಪುನಃ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯುತ್ತೇವೆ. ಬಣ್ಣವು ದಿನೇ ದಿನೇ ತಿಳಿಯಾದರೆ ಸೂಕ್ಷ್ಮಜೀವಿಗಳು ತಮ್ಮ ಕೆಲಸವನ್ನು ನಡಿಸುತ್ತಿವೆ ಎಂದರ್ಥ. ಹೆಚ್ಚಾದರೆ ಆಹಾರವನ್ನು ನಿಲ್ಲಿಸಿ ನಾಲ್ಕರಲ್ಲಿ ಒಂದು ಪಾಲು ನೀರನ್ನು ಬದಲಿಸುತ್ತೇವೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಮಾತ್ರವೇ ಅದ್ದಿ ಹಿಂಡುತ್ತೇವೆ.

ತಾಯಿತಂದೆಗಳು ಮನೆಯ ತೊಟ್ಟಿಯ ಲೆಕ್ಕವನ್ನು ಬರೆಯುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸುವದು ಒಳ್ಳೇದು. ಒಂದು ನಳಿಗೆಯ ಬಣ್ಣವನ್ನು ಕಂಡು ಅವಸರಪಡದೆ, ಆ ಪರೀಕ್ಷೆಯು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆಂದು ಮೊದಲು ವಿಚಾರಿಸಲು ಅವರು ಕಲಿಯುವರು. ನಾವಾದರೋ ಆ ಪಾಠವನ್ನು ಮೀನುಗಳ ಪ್ರಾಣವನ್ನು ತೆತ್ತು ಕಲಿತೆವು.