ಕಾಡು ಟರ್ಕಿಯ ಪಾಠಶಾಲೆ

ಬೋಳು ತಲೆ, ಕೊರಳಿಗೆ ಜೋತುಬಿದ್ದ ಕೆಂಪು ಚರ್ಮ, ಬೀಸಣಿಗೆಯಂತೆ ಬಿಚ್ಚುವ ಬಾಲ. ಟರ್ಕಿ ಕೋಳಿಯನ್ನು ಸಾಕಣೆ ಕೇಂದ್ರಗಳಲ್ಲಿ ನೀವು ನೋಡಿರಬಹುದು. ಮೈಭಾರ ಹೊತ್ತು ಮೆಲ್ಲಗೆ ಹೆಜ್ಜೆಯಿಡುವ ಈ ಹಕ್ಕಿಗೆ ಕಾಡಿನಲ್ಲೊಬ್ಬ ದಾಯಾದಿ ಇದ್ದಾನೆ. ಅವನು ಗಂಟೆಗೆ ಸುಮಾರು 40 ಕಿ.ಮೀ. ವೇಗದಲ್ಲಿ ಓಡಬಲ್ಲ, ಸ್ವಲ್ಪ ದೂರವಾದರೆ 80 ಕಿ.ಮೀ. ವೇಗದಲ್ಲಿ ಹಾರಲೂಬಲ್ಲ. ರಾತ್ರಿ ಮಲಗುವುದು ಎತ್ತರದ ಮರದ ಕೊಂಬೆಯ ಮೇಲೆ!

ಹೆಸರು ಟರ್ಕಿಯಾದರೂ ಇದರ ತವರು ಆ ದೇಶವಲ್ಲ, ಉತ್ತರ ಅಮೆರಿಕ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಮೆಕ್ಸಿಕೋದ ಜನ ಇದನ್ನು ಪಳಗಿಸಿದ್ದರು. 16ನೇ ಶತಮಾನದಲ್ಲಿ ಸ್ಪೇನಿನವರು ಅದನ್ನು ಯೂರೋಪಿಗೆ ಒಯ್ದರು. ಮುಂದೆ ವಲಸೆಗಾರರ ಹಡಗಿನಲ್ಲಿ ಅದು ಸಾಕುಹಕ್ಕಿಯಾಗಿ ಮತ್ತೆ ಅಮೆರಿಕಕ್ಕೆ ಬಂತು. ಭಾರತಕ್ಕೂ ಅದು ಹೊಸದೇನಲ್ಲ. 1612ರಲ್ಲಿ ಗೋವಾದಿಂದ ತರಿಸಿದ ಟರ್ಕಿಯನ್ನು ಕಂಡು ಬೆರಗಾದ ಮೊಗಲ್ ದೊರೆ ಜಹಾಂಗೀರ್, ಅದರ ಚಿತ್ರ ಬರೆಸಿದ್ದ.

ಎರಡರ ನಡುವೆ ವ್ಯತ್ಯಾಸವೇನು?

ಕಾಡು ಟರ್ಕಿಯದು ಕಡು ಕಂದು ಮೈ; ಬಿಸಿಲು ಬಿದ್ದರೆ ತಾಮ್ರದ ಹೊಳಪು. ಮರಗಳ ನೆರಳಿನಲ್ಲಿ ಅಡಗಲು ಹೇಳಿ ಮಾಡಿಸಿದ ಬಣ್ಣ. ಉದ್ದ ಕಾಲು, ಸಪೂರ ದೇಹ. ಗಂಡಿನ ತೂಕ ಸಾಮಾನ್ಯವಾಗಿ 10–11 ಕಿಲೋ ಮೀರುವುದಿಲ್ಲ. ಇಂದು ಹೆಚ್ಚಾಗಿ ಸಾಕುವ ಅಗಲ ಎದೆಯ ತಳಿಯದು ಅಚ್ಚಬಿಳುಪು. ಪುಕ್ಕ ಕಿತ್ತಾಗ ಚರ್ಮದಲ್ಲಿ ಕಪ್ಪು ಚುಕ್ಕೆ ಉಳಿಯಬಾರದೆಂದು ಮನುಷ್ಯ ಆರಿಸಿದ ಬಣ್ಣವಿದು. ಎದೆಯ ಮಾಂಸಕ್ಕಾಗಿ ಅದನ್ನು ಎಷ್ಟು ಬೆಳೆಸಲಾಗಿದೆ ಎಂದರೆ, ಬಲಿತ ಗಂಡು ಹಾರಲಾರದು. ಸಂತಾನಕ್ಕೂ ಕೃತಕ ಗರ್ಭಧಾರಣೆಯನ್ನೇ ನೆಚ್ಚಬೇಕು.

ಆದರೆ ಬಣ್ಣ, ತೂಕಗಳಿಗಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಅದು ತಿಳಿದದ್ದು ಸೋಲಿನಿಂದ.

ಬೇಟೆ ಮತ್ತು ಅರಣ್ಯನಾಶದಿಂದ 20ನೇ ಶತಮಾನದ ಆರಂಭಕ್ಕೆ ಅಮೆರಿಕದ ಹಲವು ರಾಜ್ಯಗಳಲ್ಲಿ ಕಾಡು ಟರ್ಕಿ ಕಣ್ಮರೆಯಾಗಿತ್ತು. ಮೊಟ್ಟೆಗಳನ್ನು ಮರಿಮಾಡಿಸಿ, ಆವರಣದಲ್ಲಿ ಬೆಳೆಸಿ, ಕಾಡಿಗೆ ಬಿಟ್ಟರಾಯಿತು ಎಂದುಕೊಂಡರು ಅಧಿಕಾರಿಗಳು. ದಶಕಗಳ ಕಾಲ ಹಾಗೆಯೇ ಮಾಡಿದರು. ಬಿಟ್ಟ ಹಕ್ಕಿಗಳಲ್ಲಿ ಬಹುಪಾಲು ಉಳಿಯಲೇ ಇಲ್ಲ.

ಕಾರಣ ಸರಳ. ಕಾಡಿನ ಮರಿ ಹುಟ್ಟಿದ ಮರುದಿನದಿಂದಲೇ ತಾಯಿಯ ಹಿಂದೆ ನಡೆಯುತ್ತದೆ. ಯಾವ ಹುಳು ತಿನ್ನಬೇಕು, ತಾಯಿಯ ಯಾವ ಕೂಗಿಗೆ ಅಲುಗಾಡದೆ ಕೂರಬೇಕು ಎಂಬುದೆಲ್ಲ ಅಲ್ಲೇ ಪಾಠ. ಸುಮಾರು ಎರಡು ವಾರ ನೆಲದ ಮೇಲೆ ಅವಳ ರೆಕ್ಕೆಯಡಿ ಮಲಗಿ, ಆಮೇಲೆ ಅವಳ ಜೊತೆಗೇ ಮರ ಏರುತ್ತದೆ. ಆವರಣದ ಮರಿಗೆ ಕಾಳು ಸಿಕ್ಕಿತ್ತು, ಈ ಶಾಲೆ ಸಿಕ್ಕಿರಲಿಲ್ಲ.

1951ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಬೇರೆ ದಾರಿ ಹಿಡಿದರು. ಕಾಳು ಚೆಲ್ಲಿ, ಬಂದ ಕಾಡು ಟರ್ಕಿಗಳ ಮೇಲೆ ಫಿರಂಗಿಯಂಥ ಸಾಧನದಿಂದ ಬಲೆ ಹಾರಿಸಿ ಹಿಡಿದರು. ಹೀಗೆ ಹಿಡಿದ ಹಕ್ಕಿಗಳನ್ನು ಬರಿದಾದ ಕಾಡುಗಳಿಗೆ ಬಿಟ್ಟಾಗ ಅವು ನೆಲೆಯೂರಿದವು. ಈ ವಿಧಾನ ಬೇರೆ ರಾಜ್ಯಗಳಿಗೂ ಹಬ್ಬಿತು. ಈಗ ಅಲಾಸ್ಕ ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲಿ ಅವುಗಳ ಸಂಖ್ಯೆ ಸುಮಾರು 60 ಲಕ್ಷ.

ಅಳಿದುಳಿದ ಕಾಡಿನಲ್ಲಿ ಕೆಲವು ತಾಯಿಹಕ್ಕಿಗಳಾದರೂ ಬದುಕಿದ್ದುದರಿಂದ ಇದು ಸಾಧ್ಯವಾಯಿತು. ಕಾಳು ಹಾಕಿ ಹಕ್ಕಿಯನ್ನು ಬೆಳೆಸಬಹುದು. ಕಾಡನ್ನು ಕಲಿಸಲು ತಾಯಿಯೇ ಬೇಕು.