ಮಳೆಗಾಲದ ಮನೆಪಾಠ

ಎಡಕುಮೇರಿಯ ಘಟ್ಟದಲ್ಲಿ ಆಷಾಢದ ಮಳೆ ಹಿಡಿದರೆ ದಾರಿಯನ್ನು ನಂಬಲಾಗದು. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ರೈಲು ಸಂಚಾರವೇ ನಿಂತಿತ್ತು. ಇಂಥ ದಿನಗಳಲ್ಲಿ ಶಾಲೆಗೆ ರಜೆಯಾದರೆ ಕಲಿಕೆಗೂ ರಜೆಯೇಕೆ?

ಮಗುವನ್ನು ಅಡುಗೆಮನೆಗೆ ಕರೆಯಿರಿ. ಕಡುಬಿಗೆ ಒಂದು ಲೋಟ ಅಕ್ಕಿತರಿಗೆ ಎರಡು ಲೋಟ ನೀರು ಅಳೆಯಲಿ. ಮೂರು ಲೋಟ ತರಿಗೆ ಎಷ್ಟೆಂದು ತಾನೇ ಲೆಕ್ಕ ಹಾಕಲಿ. ಪತ್ರೊಡೆಗೆ ಹುಣಸೆಹುಳಿ ಏಕೆ? ಕೆಸುವಿನ ಎಲೆಯ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ ಗಂಟಲು ತುರಿಸುತ್ತದೆ. ಹುಳಿಯೂ ಚೆನ್ನಾದ ಬೇಯಿಸುವಿಕೆಯೂ ಅದನ್ನು ತಗ್ಗಿಸುತ್ತವೆ ಎಂದು ತಿಳಿಸಿರಿ. ಉದುರಿದ ಅಡಕೆಹಾಳೆಯನ್ನು ನೆನೆಸಿ, ಮಡಿಸಿ, ಕಡ್ಡಿ ಚುಚ್ಚಿದರೆ ದೊನ್ನೆ ಸಿದ್ಧ.

ಕೈಕೆಲಸದ ಮೂಲಕವೇ ವಿದ್ಯೆ ಎಂಬುದು 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ವಿಚಾರ. ಒಲೆಯ ಬಳಿ ಹಿರಿಯರಿರಲಿ. ಕಡುಬು ಒಡೆದರೆ ಗದರಬೇಡಿರಿ. ಅಳತೆ ತಪ್ಪಿದ್ದೆಲ್ಲಿ ಎಂದು ಮಗುವೇ ಹುಡುಕಲಿ.