ಮಾಂಜ್ರಾ ದಂಡೆಯ ಹೊಸ ಮನೆ

ಶ್ರಾವಣದ ಹಸಿರಿನ ನಡುವೆ ಮಾಂಜ್ರಾ ತುಂಬಿ ಹರಿಯುವುದನ್ನು ಕಂಡವರಿಗೆ, ಬೀದರ್–ಔರಾದ್ ಮಾರ್ಗದ ಜನವಾಡದ ಪರಿಸರದಲ್ಲಿ, ನದೀತೀರದಲ್ಲಿಯೇ ಹೊಸ ಮನೆಯೊಂದನ್ನು ಕೊಂಡು ನೆಲೆಸಬೇಕೆಂಬ ಅಭಿಲಾಷೆ ಹುಟ್ಟುವುದು ಸಹಜವೇ ಸರಿ. ಆ ಅಭಿಲಾಷೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಮುಂಗಡ ಕೊಡುವ ಮೊದಲು ಒಮ್ಮೆ ಹೊಳೆಯ ದಂಡೆಗೆ ನಡೆದುಹೋಗಿ, ಅಲ್ಲಿನ ಜಾಲಿಯ ಕೊಂಬೆಗಳನ್ನು ನೋಡಬೇಕು: ಒಣಹುಲ್ಲು, ಚಿಂದಿಬಟ್ಟೆಗಳು ಯಾವ ಎತ್ತರದಲ್ಲಿ ಸಿಕ್ಕಿಕೊಂಡಿವೆಯೋ, ಪ್ರವಾಹವು ಅಲ್ಲಿಯವರೆಗೆ ಏರಿತ್ತೆಂದು ತಿಳಿಯಬೇಕು. ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ ಬರುವ ಈ ನದಿಗೆ, ನಮ್ಮಲ್ಲಿ ಒಂದು ಹನಿಯೂ ಬೀಳದ ದಿನದಲ್ಲಿಯೂ, ಮೇಲಿನ ಧನೇಗಾಂವ್ ಜಲಾಶಯದ ಬಾಗಿಲು ತೆರೆದರೆ ನೆರೆ ಬರಬಹುದು.

ಇನ್ನು ನೆಲದ ಮಾತು. ಬೀದರ್ ನಗರ ನಿಂತಿರುವುದು ಗಟ್ಟಿಯಾದ ಕೆಂಪು ಜಂಬಿಟ್ಟಿಗೆಯ ಮೇಲೆ. ಹೊಳೆಸಾಲಿನ ಎರೆಭೂಮಿಯಾದರೋ ಮಳೆಯಲ್ಲಿ ಉಬ್ಬಿ, ವೈಶಾಖದಲ್ಲಿ ಕೈಬೆರಳು ಇಳಿಯುವಷ್ಟು ಬಿರಿಯುವ ಸ್ವಭಾವದ್ದಾದುದರಿಂದ, ಆಳವಾದ ಬುನಾದಿಯಿಲ್ಲದ ಮನೆಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಹೊಸ ಸುಣ್ಣಬಣ್ಣ ಅದನ್ನು ಒಂದು ಬೇಸಗೆಯ ಮಟ್ಟಿಗೆ ಮರೆಸೀತು.

ಕಾಗದಪತ್ರಗಳ ವಿಚಾರಕ್ಕೆ ಬಂದರೆ, ಪಹಣಿ, ಎನ್.ಎ. (ಕೃಷಿಯೇತರ ಭೂಪರಿವರ್ತನೆ) ಆದೇಶ, ಮತ್ತು 500 ಚದರ ಮೀಟರಿಗೂ 8 ಮನೆಗಳಿಗೂ ಮಿಗಿಲಾದ ಯೋಜನೆಯಾಗಿದ್ದರೆ 2016ರ ರೇರಾ (ಸ್ಥಿರಾಸ್ತಿ ನಿಯಂತ್ರಣ) ಕಾಯಿದೆಯ ನೋಂದಣಿ ಸಂಖ್ಯೆ, ಇವನ್ನು ಕೇಳಿ ಪಡೆಯಿರಿ. ಬಳಿಕ ಊರಿನ ಹಿರಿಯರೊಬ್ಬರನ್ನು ಆ ಜಾಗಕ್ಕೆ ಕರೆದುಕೊಂಡು ಹೋಗಿ, ನೀರು ಎಲ್ಲಿಯವರೆಗೆ ಬಂದಿತ್ತೆಂದು ವಿಚಾರಿಸಿರಿ.